ಕಪಾಟಿನಲ್ಲಿ ನಿಂತವಳು

ನಾನು ಕಳ್ಳಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸಮುದ್ರದ ದಂಡೆಯ ಆ ರೆಸಾರ್ಟಿನಲ್ಲಿ ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಕಪಾಟಿನಲ್ಲಿ ಬಚ್ಚಿಟ್ಟುಕೊಂಡಿದ್ದಳಂತೆ, ಒಡವೆಗೆ ಹೊಂಚು ಹಾಕಿದ್ದಳಂತೆ. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಕಪಾಟಿನಲ್ಲಿ ನಿಂತದ್ದು ನಿಜ. ಬಾಗಿಲನ್ನು ಒಳಗಿನಿಂದ ಎಳೆದುಕೊಂಡದ್ದೂ ನಿಜ. ಆದರೆ ಹಾಗೆ ನಿಲ್ಲಲು ಕಲಿಸಿದವರು ಯಾರು ಎಂದು ಒಬ್ಬರೂ ಕೇಳುತ್ತಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಅಲ್ಲಿ ನನ್ನ ಕೆಲಸ ಕೋಣೆಗಳನ್ನು ಚೊಕ್ಕಟ ಮಾಡುವುದು. ಕೋಣೆ ಅಂತ ಹೆಸರು, ಒಂದೊಂದೂ ಒಂದೊಂದು ಮನೆ. ಮುಂದೆ ಮರಳು, ಮರಳಿನಾಚೆ ಸಮುದ್ರ. ಅತಿಥಿಗಳು ದಂಡೆಗೆ ಇಳಿದ ಮೇಲೆ ನಾವು ಹಿಂದಿನ ಬಾಗಿಲಿನಿಂದ ನುಗ್ಗಬೇಕು. ಹಾಸಿಗೆಯ ಬಟ್ಟೆ ಕಿತ್ತು ಹೊಸದು ಹಾಸಬೇಕು. ಮಂಡಿಯೂರಿ ಸ್ನಾನದ ಮನೆ ತಿಕ್ಕಬೇಕು. ಕಕ್ಕಸಿಗೆ ಕೈ ಹಾಕಬೇಕು. ನೀರು ಹೋಗುವ ತೂತಿನಲ್ಲಿ ಸಿಕ್ಕಿಕೊಂಡ ಕೂದಲನ್ನು ಬೆರಳಿನಿಂದ ಎಳೆದು ತೆಗೆಯಬೇಕು. ಒದ್ದೆ ಮೈಯಲ್ಲಿ ಅವರು ಹೊತ್ತು ತಂದ ಮರಳನ್ನು ಒಂದು ಕಣ ಬಿಡದೆ ಒರೆಸಬೇಕು. ಅವರು ವಾಪಸ್ ಬರುವಷ್ಟರಲ್ಲಿ ಎಲ್ಲ ಆಗಿರಬೇಕು, ಮಾಡಿದವರು ಮಾತ್ರ ಕಾಣಬಾರದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಅಲ್ಲಿ ಕೆಸರು ನಮ್ಮ ಕೈಗೆ, ಮೊಸರು ಇನ್ಯಾರದೋ ಬಾಯಿಗೆ.

ನಮ್ಮ ಸೂಪರ್‌ವೈಸರ್‌ಗೆ ನಾವು ಇಟ್ಟ ಹೆಸರು ಇಸ್ತ್ರಿಯಕ್ಕ. ಅವಳ ಅಂಗಿಯ ಗೆರೆ ಯಾವತ್ತೂ ಮುರಿದದ್ದಿಲ್ಲ. ಮುಖವೂ ಹಾಗೇ. ಅವಳೂ ಒಂದು ಕಾಲಕ್ಕೆ ನಮ್ಮ ಹಾಗೆ ನೆಲ ಒರೆಸಿದವಳೇ. ಕೆಲಸಕ್ಕೆ ಸೇರಿದ ದಿನ ಅವಳು ನನಗೆ ಮೊದಲು ಕಲಿಸಿದ್ದು ಪೊರಕೆ ಹಿಡಿಯುವುದನ್ನಲ್ಲ, ಅಡಗುವುದನ್ನು.

"ಅತಿಥಿ ಎದುರಿಗೆ ಬಂದ್ರೆ ಗಿಡದ ಹಿಂದೆ ಹೋಗು. ಗಿಡ ಇಲ್ಲ ಅಂದ್ರೆ ಗೋಡೆ ಕಡೆ ಮುಖ ಮಾಡಿ ನಿಂತ್ಕೋ. ಕೆಮ್ಮಬೇಡ. ನಮಸ್ಕಾರನೂ ಬೇಡ. ನೀನು ಅಲ್ಲಿ ಇಲ್ಲವೇ ಇಲ್ಲ ಅಂದ್ಕೋ."

"ಇಲ್ಲದವಳಿಗೆ ಸಂಬಳ ಹೇಗೆ ಕೊಡ್ತೀರಕ್ಕ?" ಎಂದೆ ನಾನು.

"ಆ ನಾಲಿಗೆ ಮನೇಲಿ ಇಟ್ಟು ಬಾ," ಎಂದಳು. ನಗಲಿಲ್ಲ.

ಆಮೇಲೆ ನನಗೂ ನಗು ಬರಲಿಲ್ಲ. ಬಟ್ಟೆ ಒಗೆಯುವ ಕಡೆ ಒಬ್ಬಳು ವಯಸ್ಸಾದವಳಿದ್ದಳು. ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದೆವು. ಮಂಡಿ ನೋವಿಗೆ ಒಂದು ದಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅದೇ ಹೊತ್ತಿಗೆ ಯಾರೋ ಅತಿಥಿ ಸಮುದ್ರದ ಫೋಟೋ ತೆಗೆದ. ಫೋಟೋದ ಮೂಲೆಯಲ್ಲಿ ದೊಡ್ಡಮ್ಮನೂ ಬಂದಳು, ಕಾಲು ಉಜ್ಜಿಕೊಳ್ಳುತ್ತಾ. ಫೋಟೋ ಹಾಳಾಯಿತೆಂದು ಅವನು ದೂರು ಕೊಟ್ಟ. ಮರುದಿನ ದೊಡ್ಡಮ್ಮನ ಯೂನಿಫಾರ್ಮ್ ಬಿಚ್ಚಿಸಿಕೊಂಡು ಮನೆಗೆ ಕಳಿಸಿದರು. ಆ ಉರಿ ಇನ್ನೂ ಆರಿಲ್ಲ ನನಗೆ. ಆದರೂ ಆವತ್ತು ನಾನು ಬಾಯಿ ಬಿಡಲಿಲ್ಲ, ಮನೆಯಲ್ಲಿ ಹಾಲು ಕುಡಿಯುವ ಕೂಸಿತ್ತು.

ಆ ಕೂಸೇ ಪುಟ್ಟಿ. ಇನ್ನೂ ತೆವಳಲು ಬಾರದು. ಗಂಡನಿಗೆ ದೂರದ ಬಂದರಿನಲ್ಲಿ ಮೂಟೆ ಇಳಿಸುವ ಕೆಲಸ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮಗುವನ್ನು ನೋಡಿಕೊಳ್ಳುವುದು ನನ್ನ ಅತ್ತೆ. ಅತ್ತೆಯ ಬಾಯಿ ಜೋರು, ಕೈ ಮೆತ್ತಗೆ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಂಗೆ ನೋಡು, ಹೆರದೇನೇ ಮುದ್ದು," ಎಂದು ಮೊಮ್ಮಗಳ ಹೊಟ್ಟೆಗೆ ಮೂಗು ತಿಕ್ಕುತ್ತಿದ್ದಳು. ಆದರೆ ಪುಟ್ಟಿ ಬಾಟಲಿಯ ಹಾಲು ಮುಟ್ಟುವುದಿಲ್ಲ. ಚಮಚದಲ್ಲಿ ಕೊಟ್ಟರೆ ಉಗುಳುತ್ತಾಳೆ. ಹಾಗಾಗಿ ದಿನವೂ ಮಧ್ಯಾಹ್ನ ಅತ್ತೆ ಅವಳನ್ನು ಎತ್ತಿಕೊಂಡು ರೆಸಾರ್ಟಿನ ಹಿಂದಿನ ಗೇಟಿಗೆ ಬರುತ್ತಿದ್ದಳು. ನಾನು ಓಡಿ ಹೋಗಿ, ಲಾರಿ ನಿಲ್ಲುವ ಅಂಗಳದಲ್ಲಿ, ಖಾಲಿ ಗ್ಯಾಸ್ ಸಿಲಿಂಡರುಗಳ ಮರೆಯಲ್ಲಿ ಕೂತು ಕುಡಿಸುತ್ತಿದ್ದೆ. ಪಕ್ಕದಲ್ಲೇ ಅಡಿಗೆಮನೆಯ ಕಸದ ಡ್ರಮ್ಮು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ನೊಣ ಓಡಿಸುವುದು. ಇಸ್ತ್ರಿಯಕ್ಕನಿಗೆ ಗೊತ್ತಿತ್ತು. "ನಾನು ನೋಡಿಲ್ಲ, ನೀನು ಹೇಳಿಲ್ಲ," ಎಂದಿದ್ದಳು. ಆ ಅಪ್ಪಣೆಯನ್ನೇ ಭಾಗ್ಯ ಅಂದುಕೊಂಡಿದ್ದೆ. ನನ್ನ ಮಗುವಿಗೆ ನನ್ನ ಹಾಲು ಕೊಡಲು ಇನ್ನೊಬ್ಬರ ಅಪ್ಪಣೆ!

ಆವತ್ತು ಕೊನೆಗೆ ಉಳಿದದ್ದು ಕಾಂಪೌಂಡ್ ಗೋಡೆಯ ಪಕ್ಕದ ಮನೆ. ಗೋಡೆಯಾಚೆಯೇ ಹಿಂದಿನ ಗೇಟು. ಅದನ್ನು ಮುಗಿಸಿದರೆ ನೇರ ಪುಟ್ಟಿಯ ಹತ್ತಿರ ಎಂದು ಬೇಗಬೇಗ ಕೈಯಾಡಿಸಿದೆ. ಆ ಮನೆಯಲ್ಲಿ ಇಳಿದವರಿಗೂ ಒಂದು ಹಸುಗೂಸಿತ್ತು. ನಮ್ಮ ಪುಟ್ಟಿಯ ಓರಗೆಯದೇ. ಅದರ ಅಂಗಿ ಮಡಿಸುವಾಗ ಒಂದನ್ನು ಕೆನ್ನೆಗೆ ಒತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ. ಎದೆ ಆಗಲೇ ಬಿಗಿಯುತ್ತಿತ್ತು.

ಬಟ್ಟೆ ಇಡುವ ಕಪಾಟು ನಮ್ಮ ಅಡಿಗೆಮನೆಗಿಂತ ದೊಡ್ಡದು. ಒಳಗೆ ನಿಂತು ನಡೆದಾಡಬಹುದು. ಇಸ್ತ್ರಿಯಾದ ಅಂಗಿಗಳನ್ನು ಅದರೊಳಗೆ ನೇತುಹಾಕುತ್ತಿದ್ದೆ. ಆಗ ಮುಂಬಾಗಿಲು ತೆರೆದುಕೊಂಡಿತು.

"ಎಂಥ ಬಿಸಿಲು ಇದು! ಮಗು ಮೈಯೆಲ್ಲ ಕೆಂಪಾಗಿದೆ ನೋಡಿ," ಎಂದಿತು ಒಂದು ಹೆಣ್ಣಿನ ದನಿ.

"ಒಳಗೆ ನಡಿ, ಎಸಿ ಹಾಕ್ತೀನಿ," ಎಂದಿತು ಗಂಡಿನ ದನಿ.

ನಾನು ಆಗಲೇ ಹೊರಗೆ ಬಂದು, ಕ್ಷಮಿಸಿ, ಕೆಲಸ ಮುಗೀತು ಎಂದು ಹಿಂದಿನ ಬಾಗಿಲಿಗೆ ನಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬುದ್ಧಿ ಇರುವ ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ನನ್ನ ಕಾಲು ಬುದ್ಧಿಯನ್ನು ಕೇಳಲಿಲ್ಲ. ಆ ಕಾಲಿಗೆ ಅವರು ಕಲಿಸಿದ್ದು ಒಂದೇ ಪಾಠ. ಒಂದು ಹೆಜ್ಜೆ ಹಿಂದೆ ಸರಿದೆ. ಕೈ ತಾನಾಗಿ ಹೋಗಿ ಬಾಗಿಲು ಎಳೆಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತೆ.

ಎರಡು ಉಸಿರು ಎಳೆಯುವಷ್ಟರಲ್ಲಿ ತಪ್ಪು ಗೊತ್ತಾಯಿತು. ಇನ್ನೇನು ಬಾಗಿಲು ತಳ್ಳಬೇಕು, ಆ ಗಂಡಸು ಕಪಾಟಿನ ಮುಂದೆಯೇ ನಿಂತು ಒದ್ದೆ ಚಡ್ಡಿ ಬಿಚ್ಚಿ ಮಂಚದ ಮೇಲಿನ ಟವೆಲ್‌ಗೆ ಕೈ ಚಾಚಿದ. ಕಪಾಟಿನ ಬಾಗಿಲು ಪಟ್ಟಿಪಟ್ಟಿಯದು, ಸಂದಿಯಲ್ಲಿ ಎಲ್ಲ ಕಾಣುತ್ತದೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಈಗ ಹೊರಗೆ ಬಂದರೆ ಏನಂತ ಹೇಳಲಿ? ಮೊದಲೇ ಬಂದಿದ್ದರೆ ಕೆಲಸದವಳು. ಈಗ ಬಂದರೆ ಕಳ್ಳಿ, ಇಲ್ಲ ಅದಕ್ಕಿಂತ ಕೆಟ್ಟವಳು. ಅತ್ತ ದರಿ, ಇತ್ತ ಪುಲಿ. ಅವರು ನಿದ್ದೆ ಮಾಡಲಿ, ಸದ್ದಿಲ್ಲದೆ ಜಾರಿಕೊಳ್ಳುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಅವರು ನಿದ್ದೆ ಮಾಡಲಿಲ್ಲ. ಮಗುವನ್ನು ಮಲಗಿಸಿದರು. ಆಮೇಲೆ ಹಣ್ಣು ತಿಂದರು. ಹಿಂದಿನ ವರ್ಷ ಹೋಗಿದ್ದ ದಂಡೆ ಇದಕ್ಕಿಂತ ಚೆನ್ನಾಗಿತ್ತೇ ಎಂದು ಚರ್ಚೆ ಮಾಡಿದರು. ಅಲ್ಲಿನ ಮರಳು ಇನ್ನೂ ಬೆಳ್ಳಗಿತ್ತಂತೆ. ನಾನು ಅವನ ಅಂಗಿಗಳ ನಡುವೆ ನಿಂತಿದ್ದೆ. ಒಳಗೆ ಗಾಳಿಯಿಲ್ಲ. ಹಿಮ್ಮಡಿ ಜೋಮು ಹಿಡಿಯಿತು. ಬೆಳಗಿನಿಂದ ಮೂತ್ರಕ್ಕೆ ಹೋಗಿರಲಿಲ್ಲ, ನಮ್ಮ ಕಕ್ಕಸು ಅಂಗಳದ ಆ ತುದಿಯಲ್ಲಿ, ಹೋಗಿ ಬರಲು ಹೊತ್ತು ಎಲ್ಲಿ? ಹತ್ತು ಹೆಜ್ಜೆ ಆಚೆ ನಾನೇ ತಿಕ್ಕಿ ತೊಳೆದ ಕಕ್ಕಸು ಹೊಳೆಯುತ್ತಿತ್ತು. ತೊಡೆ ಬಿಗಿಹಿಡಿದು ನಿಂತೆ. ಅವಮಾನ ಅಂದರೆ ಬೈಗುಳವಲ್ಲ. ನಮ್ಮ ಮೈಯನ್ನು ನಾವೇ ಶತ್ರುವಿನ ಹಾಗೆ ಅದುಮಿ ಹಿಡಿಯಬೇಕಲ್ಲ, ಅದು.

ಆಗ ಗೋಡೆಯಾಚೆ ಪುಟ್ಟಿ ಅತ್ತಳು.

ನೂರು ಮಕ್ಕಳು ಒಟ್ಟಿಗೆ ಅತ್ತರೂ ನನಗೆ ನನ್ನದು ಗೊತ್ತಾಗುತ್ತದೆ. ಮೊದಲು ಕುಂಯ್ ಕುಂಯ್ ಎಂದಳು. ಅದು ಹಸಿವಿನ ಮೊದಲ ಮಾತು. ಆಮೇಲೆ ದನಿ ಏರಿತು. ಅತ್ತೆ ಸಮಾಧಾನ ಮಾಡುವುದು ಕೇಳಿಸಿತು. "ಬಂದಳು ಕಂದ, ಬಂದಳು ನಿಮ್ಮಮ್ಮ." ಸ್ವಲ್ಪ ಹೊತ್ತಿಗೆ ಅತ್ತೆಯ ದನಿಯೂ ಏರಿತು. "ಏನೇ, ಎಲ್ಲಿ ಸತ್ತೆ? ಮಗು ಬಾಯಿ ಒಣಗಿ ಹೋಗ್ತಿದೆ ಇಲ್ಲಿ!"

ಇಲ್ಲೇ ಇದ್ದೇನೆ ಅತ್ತೆ, ಗೋಡೆಯ ಈಚೆಗೇ ಇದ್ದೇನೆ. ಬಾಯಿಗೆ ಅವನ ಅಂಗಿಯ ತೋಳು ತುರುಕಿಕೊಂಡೆ.

ಹಾಲು ಇಳಿಯಿತು. ಮಗು ಅತ್ತರೆ ಇಳಿಯುತ್ತದೆ, ಅದಕ್ಕೆ ಯಾವ ಸೂಪರ್‌ವೈಸರೂ ಪಾಠ ಹೇಳಲಾಗುವುದಿಲ್ಲ. ಎದೆ ಕಲ್ಲಾಗಿತ್ತು, ಕುಟುಕುತ್ತಿತ್ತು. ಎರಡೂ ಅಂಗೈಯಿಂದ ಒತ್ತಿ ಹಿಡಿದೆ, ನಿಲ್ಲಲಿಲ್ಲ. ಬೂದು ಯೂನಿಫಾರ್ಮ್ ಒದ್ದೆಯಾಗಿ ಹೊಟ್ಟೆಯವರೆಗೂ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಅತ್ತ ಮಗು ಹಾಲಿಗೆ ಅಳುತ್ತಿದೆ. ಇತ್ತ ಅವಳ ಹಾಲು ಇನ್ಯಾರದೋ ಚಪ್ಪಲಿಯ ಮೇಲೆ ಬೀಳುತ್ತಿದೆ. ಅಳು ಬರಲಿಲ್ಲ ನನಗೆ, ಸಿಟ್ಟು ಬಂತು. ಆದರೂ ಬಾಗಿಲಿಗೆ ಕೈ ಹೋಗಲಿಲ್ಲ. ಹೆದರಿಕೆ ಅಷ್ಟು ಆಳಕ್ಕೆ ಇಳಿದಿತ್ತು.

"ಏನಿದು ಗಲಾಟೆ? ನಮ್ಮ ಪಾಪು ಎದ್ದುಬಿಡುತ್ತೆ," ಎಂದಳು ಆ ಹೆಂಗಸು.

ಗಂಡಸು ಫೋನ್ ಎತ್ತಿದ. "ಹಲೋ, ಗೋಡೆ ಹಿಂದೆ ಯಾವುದೋ ಮಗು ಒಂದೇ ಸಮನೆ ಕಿರುಚ್ತಿದೆ. ಹೌದು, ಕೆಲಸದವರದೇ ಇರಬೇಕು. ನಾವು ಇಲ್ಲಿಗೆ ಬಂದಿರೋದು ನೆಮ್ಮದಿಗೆ ರೀ. ಅದನ್ನ ದೂರ ಕಳಿಸಿ."

ಅದನ್ನ ಅಂದ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ವಾಚ್‌ಮನ್ನಿನ ಸೀಟಿ ಕೇಳಿಸಿತು. "ಏಯ್ ಅಜ್ಜಿ, ನಡಿ ಇಲ್ಲಿಂದ. ಮೇಲಿಂದ ಫೋನ್ ಬಂದಿದೆ." ಅತ್ತೆ ಬೈದಳು. ಅವನು ಬೇಡಿಕೊಂಡ, "ನನ್ನ ಹೊಟ್ಟೆ ಮೇಲೆ ಹೊಡೀಬೇಡ ಅಜ್ಜಿ." ಆಮೇಲೆ ಅಳು ಗೋಡೆಯಗುಂಟ ದೂರ ಹೋಗತೊಡಗಿತು. ದೂರ, ಇನ್ನೂ ದೂರ. ಕೊನೆಗೆ ಎಸಿಯ ಸದ್ದು ಮಾತ್ರ ಉಳಿಯಿತು.

"ಅಬ್ಬ," ಎಂದಳು ಹೆಂಗಸು.

ನಾನು ಬಾಗಿಲು ತಳ್ಳಿದೆ. ತಳ್ಳಿದ ರಭಸಕ್ಕೆ ಅದು ಗೋಡೆಗೆ ಬಡಿಯಿತು.

ಹೆಂಗಸು ಚೀರಿದಳು. ಗಂಡಸು ಹಾರಿಬಿದ್ದು ಎದ್ದು ಬಂದು ನನ್ನ ಮುಂಗೈ ಹಿಡಿದ. "ಕಳ್ಳಿ! ಏನು ತಗೊಂಡೆ? ಜೇಬು ತೋರಿಸು!"

"ಕೈ ಬಿಡಿ."

"ಜೇಬು ತೋರಿಸು ಅಂದೆ!"

"ಕೈ ಬಿಡಿ. ನೀವು ದೂರ ಕಳಿಸಿ ಅಂದ್ರಲ್ಲ, ಅದು ನನ್ನ ಮಗು."

ಆ ಹೆಂಗಸಿನ ಕಣ್ಣು ನನ್ನ ಅಂಗಿಯ ಮೇಲೆ ಬಿತ್ತು. ಅವಳಿಗೆ ಅರ್ಥವಾಯಿತು, ಹೆತ್ತವಳಲ್ಲವೇ. "ಬಿಡಿ ಅವಳನ್ನ," ಎಂದಳು ಮೆಲ್ಲಗೆ. ಹಾಗೆ ಅಂದವಳೇ ಕಪಾಟಿಗೆ ಹೋಗಿ ಒಡವೆಯ ಪೆಟ್ಟಿಗೆ ತೆರೆದು ನೋಡಿದಳು. ಎರಡೂ ಒಬ್ಬಳೇ ಮಾಡಿದ್ದು. ಇವತ್ತಿಗೂ ನನಗೆ ಅವಳನ್ನು ಪೂರ್ತಿ ಬೈಯಲೂ ಆಗುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ.

ಅವನ ಹಿಡಿತ ಸಡಿಲವಾಯಿತು. ಕೈ ಕಿತ್ತುಕೊಂಡೆ. ಹಿಂದಿನ ಬಾಗಿಲಿಗೆ ಹೋಗಲಿಲ್ಲ, ಮುಂಬಾಗಿಲಿನಿಂದ ಇಳಿದೆ. ನಾವು ಕಾಲಿಡಬಾರದ ಬಿಳಿ ಕಲ್ಲಿನ ದಾರಿಯಲ್ಲಿ, ಎದೆ ಒದ್ದೆ ಮಾಡಿಕೊಂಡು, ಓಡಿದೆ. ಯಾರೋ ಅತಿಥಿಗಳು ಎದುರಿಗೆ ಬಂದರು. ಈ ಸಲ ಗಿಡದ ಕಡೆ ಸರಿದವರು ಅವರು.

ಹಿಂದಿನ ಗೇಟಿನಲ್ಲಿ ವಾಚ್‌ಮನ್ ನನ್ನ ಮುಖ ನೋಡಲಿಲ್ಲ. "ಅಜ್ಜಿಗೆ ತಿರುವಿನ ಹತ್ರ ಹೋಗು ಅಂದೆ. ನಾನೇನು ಮಾಡ್ಲಿ ತಂಗಿ, ನನಗೂ ಮಕ್ಕಳಿದ್ದಾವೆ."

"ಅವಕ್ಕೆ ಹಾಲು ಕೊಡೋಕೆ ನಿಮ್ಮ ಹೆಂಡತಿ ಯಾರನ್ನ ಕೇಳ್ತಾಳಣ್ಣ?" ಎಂದೆ. ತಿರುವಿನ ಕಡೆ ಓಡಿದೆ.

ರಸ್ತೆಯ ತಿರುವಿನಲ್ಲಿ ಅತ್ತೆ ಸಿಕ್ಕಳು. ಮೊದಲು ಅಲ್ಲಿ ಸಾಲುಮರಗಳಿದ್ದವು. ರೆಸಾರ್ಟಿನ ಕಾರುಗಳಿಗೆ ರಸ್ತೆ ಸಾಲದೆಂದು ಕಡಿದುಹಾಕಿದ್ದರು. ಕಡಿದ ಬುಡವೊಂದರ ಮೇಲೆ ಅತ್ತೆ ಕೂತಿದ್ದಳು, ತನ್ನ ಮೇಲ್ಬಟ್ಟೆಯನ್ನು ಮಗುವಿನ ಮೇಲೆ ಚಪ್ಪರದ ಹಾಗೆ ಹಿಡಿದು. ಪುಟ್ಟಿ ಅಳುತ್ತಿರಲಿಲ್ಲ. ಅದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಅತ್ತು ಅತ್ತು ದನಿ ಬಿದ್ದುಹೋಗಿತ್ತು, ಬಾಯಿ ಮಾತ್ರ ಆಡುತ್ತಿತ್ತು.

"ಹಾಲಿನ ಹೊತ್ತಿಗೆ ಬರದವಳು ತಾಯೇನೇ ನೀನು?" ಎಂದು ಅತ್ತೆ ಕೈ ಎತ್ತಿದಳು. ಎತ್ತಿದ ಕೈ ನನ್ನ ಅಂಗಿ ನೋಡಿ ನಿಂತಿತು. "ಏನಾಯ್ತೇ?"

"ಕಪಾಟಿನಲ್ಲಿ ಸಿಕ್ಕಿಕೊಂಡಿದ್ದೆ. ನಿಮ್ಮನ್ನ ಓಡಿಸಿದ್ದೂ ಕೇಳಿಸ್ತು. ಎಲ್ಲ ಕೇಳಿಸ್ತು ಅತ್ತೆ."

ಅತ್ತೆ ತನ್ನ ಮೇಲ್ಬಟ್ಟೆ ಸರಿಸಿದಳು. ಮಗುವನ್ನು ಕೊಟ್ಟಳು. ಅಲ್ಲೇ ಎದೆಗೆ ಹಚ್ಚಿದೆ. ಪುಟ್ಟಿ ಹಿಡಿಯಲಿಲ್ಲ. ಬಿಸಿಲು ನೆಟ್ಟಗೆ ಮುಖಕ್ಕೆ ಹೊಡೆಯುತ್ತಿತ್ತು, ಮೈ ಕಾದಿತ್ತು. ತಲೆ ಅತ್ತಿತ್ತ ಆಡಿಸಿ ಮುಖ ಸಿಂಡರಿಸಿದಳು. ಒಂದು ಬಸ್ಸು ಧೂಳೆಬ್ಬಿಸಿ ಹೋಯಿತು. ಬೆಚ್ಚಿ ಮತ್ತೆ ಬಿಟ್ಟಳು. ಸುತ್ತ ನೋಡಿದೆ. ಒಂದು ಹಿಡಿ ನೆರಳಿಲ್ಲ. ಮನೆಗೆ ಹೋಗಬೇಕೆಂದರೆ ಇದೇ ಬಿಸಿಲಿನಲ್ಲಿ ಬಹಳ ದೂರ ನಡೆಯಬೇಕು.

ತಿರುವಿನಿಂದ ದಂಡೆಗೆ ಒಂದು ಕಾಲುದಾರಿ ಇಳಿಯುತ್ತದೆ. ಇಳಿದರೆ ಮರಳಿನ ಮೇಲೆ ಒಂದು ಹಗ್ಗ ಕಟ್ಟಿದೆ. ಹಗ್ಗದ ಈಚೆ ಒಡೆದ ಬಾಟಲಿ, ಪ್ಲಾಸ್ಟಿಕ್ಕು, ಸುಡುವ ಮರಳು. ಆಚೆ ರೆಸಾರ್ಟಿನವರದು: ಬಾಚಿದ ಮರಳು, ಸಾಲಾಗಿ ದೊಡ್ಡ ಕೊಡೆಗಳು, ಕೊಡೆಗಳ ಕೆಳಗೆ ಮೆತ್ತೆ ಹಾಕಿದ ಕುರ್ಚಿಗಳು. ಅರ್ಧಕ್ಕರ್ಧ ಖಾಲಿ. ಅಷ್ಟೊಂದು ನೆರಳು, ಕೂರುವವರಿಲ್ಲದೆ ಬಿದ್ದಿತ್ತು.

"ನಡೀರಿ ಅತ್ತೆ," ಎಂದೆ.

"ಎಲ್ಲಿಗೆ?"

"ನೆರಳಿಗೆ."

ಅತ್ತೆ ಹಗ್ಗ ನೋಡಿದಳು, ನನ್ನನ್ನು ನೋಡಿದಳು. "ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ ಬಿಡಿ." ನಾನು ಹಗ್ಗ ಎತ್ತಿ ಹಿಡಿದೆ. ಅತ್ತೆ ಒಂದು ಗಳಿಗೆ ನಿಂತಳು. ಆಮೇಲೆ ಸೊಂಟ ಬಗ್ಗಿಸಿ ನುಸುಳಿದಳು. "ಬಗ್ಗೋದು ಇದೇ ಕೊನೆ," ಎಂದು ಗೊಣಗಿದಳು.

ಮೊದಲ ಕೊಡೆಯ ಕೆಳಗೆ ಕೂತೆ. ದಿನಾ ಬೆಳಿಗ್ಗೆ ಕೋಣೆಗಳಿಗೆ ಹೋಗುವ ಮೊದಲು ನಾನೇ ಒರೆಸುವ ಕುರ್ಚಿ, ಕೂತದ್ದು ಅದೇ ಮೊದಲು. ಗುಂಡಿ ಬಿಚ್ಚಿದೆ. ಪುಟ್ಟಿ ಒಮ್ಮೆ ಮೂಸಿದಳು, ಬಿಟ್ಟಳು, ಮತ್ತೆ ಮೂಸಿದಳು. ಆಮೇಲೆ ಗಬಕ್ಕನೆ ಹಿಡಿದಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಆ ನೋವು ನನಗೆ ಬೇಕಾಗಿತ್ತು.

ಅಕ್ಕಪಕ್ಕದ ಕೊಡೆಗಳಲ್ಲಿ ತಲೆಗಳು ತಿರುಗಿದವು. ಒಬ್ಬ ಫೋನ್ ಎತ್ತಿ ನನ್ನ ಕಡೆ ಹಿಡಿದ. ಅತ್ತೆ ಅವನೆದುರು ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏನಪ್ಪಾ, ನಿಮ್ಮಮ್ಮ ನಿಂಗೆ ಹಾಲು ಕೊಟ್ಟಿಲ್ವಾ?" ಫೋನ್ ಕೆಳಗಿಳಿಯಿತು.

ಇಸ್ತ್ರಿಯಕ್ಕ ಮರಳಿನಲ್ಲಿ ಕಾಲು ಹೂತುಕೊಳ್ಳುತ್ತಾ ಓಡಿ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಗ್ಗಿ ಪಿಸುಗುಟ್ಟಿದಳು. "ಎದ್ದೇಳು. ಮ್ಯಾನೇಜರ್ ಬರ್ತಿದ್ದಾರೆ. ಹಿಂದೆ ಬಾ, ಅವರ ಮುಂದೆ ಕ್ಷಮೆ ಕೇಳು. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."

"ಯಾವುದಕ್ಕೆ ಕ್ಷಮೆ ಅಕ್ಕ? ನಾನು ಕದ್ದಿದ್ದೀನಾ?"

"ಇಲ್ಲ."

"ಕೆಲಸ ಬಿಟ್ಟಿದ್ದೀನಾ?"

"ಇಲ್ಲ ಕಣೇ."

"ಮತ್ತೆ?"

"ಕಾಣಿಸಿಕೊಂಡದ್ದಕ್ಕೆ," ಎಂದಳು. ಅಂದ ಮೇಲೆ ತಾನೇ ತಲೆ ತಗ್ಗಿಸಿದಳು.

ಮ್ಯಾನೇಜರ್ ಬಂದ. ಹಿಂದೆ ವಾಚ್‌ಮನ್, ಅವನ ಹಿಂದೆ ಆ ಮನೆಯ ಗಂಡಸು. ಮ್ಯಾನೇಜರ್ ನನ್ನ ಮುಖ ನೋಡಿದ್ದು ಅದೇ ಮೊದಲು ಇರಬೇಕು. ಅತಿಥಿಗಳಿಗೆ ಕೇಳಿಸಬಾರದೆಂದು ಸಕ್ಕರೆ ಬೆರೆಸಿದ ದನಿಯಲ್ಲಿ ಮಾತಾಡಿದ. "ಈ ಕುರ್ಚಿ ಅತಿಥಿಗಳದು ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು ಸಾರ್. ಬೆಳಿಗ್ಗೆ ಒರೆಸಿದ್ದು ನಾನೇ."

"ಬೇರೆಯವರ ಕೋಣೇಲಿ ಬಚ್ಚಿಟ್ಟುಕೊಂಡಿದ್ದೀಯ. ಪೊಲೀಸರನ್ನ ಕರೀಬಹುದು ನಾನು."

"ಕರೀರಿ. ಬಚ್ಚಿಟ್ಟುಕೊಳ್ಳೋಕೆ ಕಲಿಸಿದವರ ಹೆಸರೂ ಕೇಳ್ತಾರೆ. ಹೇಳ್ತೀನಿ."

ಅವನು ಇಸ್ತ್ರಿಯಕ್ಕನ ಕಡೆ ನೋಡಿದ. "ಇವಳನ್ನ ಎಬ್ಬಿಸು."

ಇಸ್ತ್ರಿಯಕ್ಕ ನನ್ನ ಹತ್ತಿರ ಬಂದಳು. ಕೈ ಹಿಡಿದು ಎಳೆಯುತ್ತಾಳೆ ಎಂದುಕೊಂಡೆ. ಬಿಸಿಲು ಸರಿದು ಪುಟ್ಟಿಯ ಪಾದದ ಮೇಲೆ ಬಿದ್ದಿತ್ತು. ಅವಳು ಕೊಡೆಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ವಾಲಿಸಿದಳು. ಪಾದ ನೆರಳಿಗೆ ಬಂತು. ಅಂಗಿಯ ತೋಳು ಪೂರ್ತಿ ಸುಕ್ಕಾಯಿತು. ಆಮೇಲೆ ಅತ್ತೆಯ ಪಕ್ಕದಲ್ಲಿ ಹೋಗಿ ನಿಂತಳು.

ಟವೆಲ್ ಕೊಡುವ ಹುಡುಗಿಯರು ಗಿಡಗಳ ಹಿಂದಿನಿಂದ ನೋಡುತ್ತಿದ್ದರು. ಒಬ್ಬಳು ಈಚೆ ಬಂದಳು. ಇನ್ನೊಬ್ಬಳೂ ಬಂದಳು.

ಮ್ಯಾನೇಜರಿಗೆ ಏನು ಮಾಡಬೇಕೋ ತೋಚಲಿಲ್ಲ. ಹಾಲು ಕುಡಿಸುವವಳನ್ನು ಇಷ್ಟು ಜನರ ಎದುರು ಎಳೆದುಹಾಕಲು ಧೈರ್ಯ ಬರಲಿಲ್ಲ, ಬಿಟ್ಟು ಹೋಗಲು ಅಹಂಕಾರ ಬಿಡಲಿಲ್ಲ. ಹಾಗೇ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಕಾದ. ನಾನೂ ಅವಸರ ಮಾಡಲಿಲ್ಲ. ಪುಟ್ಟಿ ಗುಟುಕು ಗುಟುಕಾಗಿ ಕುಡಿದಳು. ಕೊನೆಗೆ ಬಾಯಿ ಬಿಟ್ಟಳು. ತುಟಿಯ ಅಂಚಿನಲ್ಲಿ ಹಾಲು ಇಳಿಯಿತು.

"ಸರಿ. ಆಯ್ತಲ್ಲ? ಈಗ ಏಳು," ಎಂದ ಮ್ಯಾನೇಜರ್.

ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದೆ. ತೇಗಿದಳು. ಅವಳನ್ನು ಈ ತೋಳಿನಿಂದ ಆ ತೋಳಿಗೆ ತಿರುಗಿಸಿಕೊಂಡೆ.

"ಇನ್ನೊಂದು ಕಡೆ ಬಾಕಿ ಇದೆ," ಎಂದೆ.